ದೋಣಿ ಏರದವರ ಮೀನು ಮೀನಲ್ಲ

ನವೆಂಬರ್ 21 ಬಂತೆಂದರೆ ವಿಶ್ವ ಮೀನುಗಾರಿಕಾ ದಿನ. ತಲೆಯ ಮೇಲೆ ಬುಟ್ಟಿ ಹೊತ್ತು ನಗುವ ಹೆಂಗಸಿನ ಚಿತ್ರವೊಂದು ಆ ದಿನ ತಪ್ಪದೆ ಅಚ್ಚಾಗುತ್ತದೆ. ವರದಿಗಳ ಮುಖಪುಟದಲ್ಲಿಯೂ ಆಕೆಯೇ ಇರುತ್ತಾಳೆ. ಪುಟ ತಿರುವಿ ಕೋಷ್ಟಕಗಳಿಗೆ ಬಂದರೆ ಮಾತ್ರ ಆಕೆಯ ಸುಳಿವಿಲ್ಲ. ಹಾಡಹಗಲೇ ಮನುಷ್ಯರನ್ನು ಹೀಗೆ ಮಾಯ ಮಾಡುವ ವಿದ್ಯೆ ಜಾದೂಗಾರರಿಗೂ ಒಲಿದಿಲ್ಲ, ಲೆಕ್ಕ ಬರೆಯುವವರಿಗೆ ಒಲಿದಿದೆ.

ಗುಟ್ಟಿರುವುದು ವ್ಯಾಖ್ಯೆಯಲ್ಲಿ. ಎಷ್ಟೋ ಗಣತಿಗಳಿಗೆ ಮೀನುಗಾರನೆಂದರೆ ದೋಣಿ ಏರಿ ಹೋಗುವವನು. ಇಳಿತದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ಬಗ್ಗಿ, ಬಂಡೆಗೆ ಕಚ್ಚಿಕೊಂಡ ಚಿಪ್ಪುಗಳನ್ನು ಮೊಂಡು ಚಾಕುವಿನಿಂದ ಎಬ್ಬಿಸುತ್ತ, ಬೆರಳಿನ ಗಾಯಕ್ಕೆ ಉಪ್ಪುನೀರು ತಾಗಿದಾಗಲೆಲ್ಲ ಹಲ್ಲು ಕಚ್ಚುತ್ತ, ನೀರು ಮತ್ತೆ ಏರುವುದರೊಳಗೆ ಬುಟ್ಟಿ ತುಂಬಿಸುವವಳು ಮಾಡುತ್ತಿರುವುದು ಬಹುಶಃ ವಾಯುವಿಹಾರ. ದಡಕ್ಕೆ ಬಂದ ಮೀನನ್ನು ಸೀಳಿ, ಉಪ್ಪು ಸವರಿ, ಒಣಗಿಸಿ, ಹೊತ್ತು ಮಾರಿ, ಆ ದುಡ್ಡಿನಿಂದಲೇ ಮರುದಿನದ ದೋಣಿಯನ್ನು ಕಡಲಿಗಿಳಿಸುವವಳು ‘ಮನೆಯವರಿಗೆ ನೆರವಾಗುವವಳು’. ನೆರವು ಎಂಬ ಈ ಪದದ ಮೇಲೆ ನನಗೆ ಅಪಾರ ಗೌರವವಿದೆ. ಗಂಡಸು ಬಲೆ ಬೀಸಿದರೆ ಅದು ಕಸುಬು, ಅದೇ ಬಲೆಯ ಹರಿದ ಕಣ್ಣುಗಳನ್ನು ಹೆಂಗಸು ಹೆಣೆದು ಕೂಡಿಸಿದರೆ ನೆರವು. ಒಮ್ಮೆ ಹರಿದ ಬಲೆಯನ್ನೇ ಬೀಸಿ ನೋಡಲಿ, ಈ ವ್ಯಾಖ್ಯೆಯ ಬೆಲೆ ಏನೆಂಬುದು ಮೀನಿಗಾದರೂ ತಿಳಿದೀತು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇತರರೊಂದಿಗೆ ಸೇರಿ 2023ರಲ್ಲಿ ಹೊರತಂದ ವರದಿಯೊಂದು, ಜಗತ್ತಿನಲ್ಲಿ ಹಿಡಿಯುವ ಮೀನಿನ ಕನಿಷ್ಠ ಶೇ 40ರಷ್ಟು ಸಣ್ಣ ಮೀನುಗಾರಿಕೆಯದೆಂದೂ, ಅದರಲ್ಲಿ ತೊಡಗಿರುವ ಪ್ರತಿ ಹತ್ತು ಮಂದಿಯಲ್ಲಿ ನಾಲ್ವರು ಹೆಂಗಸರೆಂದೂ ಹೇಳಿ, ಇದನ್ನೆಲ್ಲ ‘ಅಡಗಿದ ಸುಗ್ಗಿ’ ಎಂದು ಕರೆಯಿತು. ಅಡಗಿಸಿದವರು ಯಾರು? ಹಿಡಿದವರಿಗೆ ಕಾಣುತ್ತಿತ್ತು, ಕೊಂಡು ತಿಂದವರಿಗೂ ಕಾಣುತ್ತಿತ್ತು.

ಅದಕ್ಕೂ ಮೊದಲು, 2014ರಲ್ಲಿ, ಇದೇ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಸಣ್ಣ ಮೀನುಗಾರಿಕೆಗೆಂದು ಮಾರ್ಗಸೂಚಿಗಳನ್ನು ಒಪ್ಪಿಕೊಂಡವು. ಲಿಂಗ ಸಮಾನತೆಗೆಂದೇ ಅದರಲ್ಲೊಂದು ಅಧ್ಯಾಯವಿದೆ. ಮಾರ್ಗಸೂಚಿಗಳು ಸ್ವಯಂಪ್ರೇರಿತ, ಅಂದರೆ ಸರ್ಕಾರಗಳಿಗೆ ಮನಸ್ಸು ಬಂದರೆ ಪಾಲಿಸಬಹುದು. ಸಂಬಳವಿಲ್ಲದ ಕಾರಣ ಆಕೆಯ ದುಡಿಮೆಯನ್ನೂ ಸ್ವಯಂಪ್ರೇರಿತವೆಂದೇ ಕರೆಯಬಹುದೇನೋ. ವ್ಯತ್ಯಾಸವಿಷ್ಟೇ, ಆಕೆಗೆ ಮನಸ್ಸು ಬಾರದ ದಿನ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಇನ್ನು ಜಗತ್ತಿನ ಮೀನುಗಾರಿಕಾ ಸಹಾಯಧನದಲ್ಲಿ ಶೇ 80ಕ್ಕೂ ಹೆಚ್ಚು ಪಾಲು ದೊಡ್ಡ ಹಡಗುಗಳ ಕಡೆಗೆ ಹರಿಯುತ್ತದೆ, ಅದರಲ್ಲಿ ಇಂಧನದ್ದು ದೊಡ್ಡ ಗಂಟು. ಆಕೆ ನಡೆದು ಹೋಗುವವಳಾದ್ದರಿಂದ ಕಾಲಿಗೆ ಡೀಸೆಲ್ ಹಾಕಿಸುವ ಅಗತ್ಯ ಯಾರಿಗೂ ಕಂಡಿಲ್ಲ.

ನಿಜ ಹೇಳಬೇಕೆಂದರೆ ಇದರಲ್ಲಿ ನಗುವಂಥದ್ದೇನೂ ಇಲ್ಲ. ತೈಲ ಚೆಲ್ಲಿ ಕಡಲು ಹಾಳಾದಾಗ ದೋಣಿಯ ದಾಖಲೆ ಇದ್ದವನು ಪರಿಹಾರಕ್ಕೆ ಅರ್ಜಿ ಹಾಕುತ್ತಾನೆ; ಚಿಪ್ಪು ಹೆಕ್ಕಿ ಮಕ್ಕಳಿಗೆ ಉಣಿಸುತ್ತಿದ್ದವಳು ಏನನ್ನು ಕಳೆದುಕೊಂಡೆನೆಂದು ಬರೆಯಬೇಕು, ಆಕೆ ಹಿಡಿದದ್ದು ಮೀನೇ ಅಲ್ಲವೆಂದು ಮೊದಲೇ ತೀರ್ಮಾನವಾಗಿರುವಾಗ? ವರ್ಷ ವರ್ಷ ಇದನ್ನೇ ಬರೆದು ಸಾಕಾಗಿದೆ.

ಮುಂದಿನ ನವೆಂಬರಿಗೂ ಚಿತ್ರ ಬೇಕಲ್ಲ. ಬುಟ್ಟಿಯನ್ನು ಸ್ವಲ್ಪ ಎತ್ತರಕ್ಕೆ ಹಿಡಿದು ಇನ್ನೊಮ್ಮೆ ನಗುವಂತೆ ಕ್ಯಾಮೆರಾದವರು ಕೇಳುತ್ತಾರೆ. ಆಕೆಯ ಕಣ್ಣು ನೀರಿನ ಮೇಲಿರುತ್ತದೆ, ಉಬ್ಬರ ಆಗಲೇ ಶುರುವಾಗಿರುತ್ತದೆ.