ನಿರುದ್ಯೋಗಿಗೆ ಪುರುಸೊತ್ತೇ ಇಲ್ಲ

ಮೊನ್ನೆ ಸಂಜೆ ನಮ್ಮ ಬೀದಿ ಅರಳಿಕಟ್ಟೆ ಮೇಲೆ ಭಾರೀ ಚರ್ಚೆ. ಯುವನಿಧಿ, ಅಂದ್ರೆ ಡಿಗ್ರಿ ಡಿಪ್ಲೊಮಾ ಮುಗಿಸಿ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡೋ ಭತ್ಯೆ, ಆ ದುಡ್ಡು ತಗೊಂಡ ಹುಡುಗ್ರು ಸರ್ಕಾರ ಕೊಡೋ ತರಬೇತಿಗೆ ಕಡ್ಡಾಯವಾಗಿ ಹೋಗ್ಬೇಕಾ ಬೇಡ್ವಾ ಅಂತ. ರಿಟೈರ್ಡ್ ಮೇಷ್ಟ್ರು, ರಿಟೈರ್ಡ್ ಕಂಡಕ್ಟರ್ರು, ರಿಟೈರ್ಡ್ ಹೆಡ್ ಕ್ಲರ್ಕು ಮೂವರದ್ದೂ ಒಂದೇ ತೀರ್ಪು, ಹೋಗ್ಲೇಬೇಕು, ಪುಕ್ಕಟೆ ದುಡ್ಡು ತಿಂದು ಮನೇಲಿ ಬಿದ್ಕೊಂಡ್ರೆ ದೇಶ ಉದ್ಧಾರ ಆಗುತ್ತಾ ಅಂತ. ಆ ಕಟ್ಟೆ ಮೇಲೆ ಪೆನ್ಷನ್ ಇಲ್ಲದವನು ನಾನೊಬ್ನೇ, ಕೋರ್ಸಿಗೆ ಹೋಗಿ ಬಂದವನೂ ನಾನೊಬ್ನೇ, ಮಾತಾಡಕ್ಕೆ ಚಾನ್ಸ್ ಸಿಗದೆ ಇದ್ದಿದ್ದೂ ನನಗೊಬ್ನಿಗೇ. ಅದಕ್ಕೇ ಇಲ್ಲಿ ಬರೀತಿದೀನಿ.

ನಾನು 2022-23ರಲ್ಲಿ ಬಿಎ ಪಾಸಾದವನು, ಅಂದ್ರೆ ಯುವನಿಧಿಗೆ ಹೇಳಿ ಮಾಡಿಸಿದ ಬ್ಯಾಚು. 2023ರ ಡಿಸೆಂಬರ್ 26ಕ್ಕೆ ನೋಂದಣಿ ಶುರುವಾಯ್ತು, 2024ರ ಜನವರಿ 12ಕ್ಕೆ ಶಿವಮೊಗ್ಗದ ಫ್ರೀಡಂ ಪಾರ್ಕಲ್ಲಿ ದುಡ್ಡು ಹಾಕೋದಕ್ಕೆ ಚಾಲನೆ ಕೊಟ್ರು. ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚು ಅಂದ್ರೆ ಎರಡು ವರ್ಷ. ಅವತ್ತು ವಿವೇಕಾನಂದ ಜಯಂತಿ ಬೇರೆ, ಏಳಿ ಎದ್ದೇಳಿ ಅಂದವರ ಹುಟ್ಟುಹಬ್ಬಕ್ಕೆ ಕೂತಿರೋರಿಗೆ ದುಡ್ಡು ಅಂತ ಮೇಷ್ಟ್ರು ಅವತ್ತೇ ಜೋಕ್ ಹೊಡೆದಿದ್ರು, ಈಗ್ಲೂ ವಾರಕ್ಕೊಂದ್ಸಲ ಅದನ್ನೇ ಹೊಡೀತಾರೆ.

ಇದ್ರಲ್ಲಿ ಒಂದು ಕಂಡೀಷನ್ ಇತ್ತು. ಪಾಸಾಗಿ 180 ದಿನ ಆದ್ರೂ ಕೆಲಸ ಸಿಕ್ಕಿರಬಾರದು. ಇಷ್ಟು ದಿನ ಕಂಪ್ನಿಯವರು ಮಾತ್ರ ಎಕ್ಸ್‌ಪೀರಿಯನ್ಸ್ ಕೇಳ್ತಿದ್ರು, ನಿರುದ್ಯೋಗಕ್ಕೂ ಆರು ತಿಂಗಳ ಎಕ್ಸ್‌ಪೀರಿಯನ್ಸ್ ಕೇಳಿದ್ದು ಇದೇ ಮೊದಲು. ಅದು ನಂಗೆ ಕಷ್ಟ ಆಗ್ಲಿಲ್ಲ ಬಿಡಿ. ಆಮೇಲೆ ಮೊದಮೊದ್ಲು ಪ್ರತಿ ತಿಂಗಳು 25ನೇ ತಾರೀಖಿನೊಳಗೆ ನಾನಿನ್ನೂ ನಿರುದ್ಯೋಗಿ ಅಂತ ಸ್ವಯಂ ಘೋಷಣೆ ಕೊಡಬೇಕಿತ್ತು. ನೆಂಟರ ಮದುವೇಲಿ ಏನ್ ಮಾಡ್ಕೊಂಡಿದೀಯಪ್ಪಾ ಅಂತ ಕೇಳಿದ್ರೆ ಕೈ ತೊಳೆಯೋ ನೆಪದಲ್ಲಿ ಎದ್ದು ಓಡೋ ನಾನು, ಸರ್ಕಾರದ ಮುಂದೆ ಮಾತ್ರ ತಿಂಗಳು ತಿಂಗಳು ತಪ್ಪದೆ ಒಪ್ಕೋತಿದ್ದೆ. ಜೀವನದಲ್ಲಿ ನಾನು ಡೆಡ್‌ಲೈನ್ ಮಿಸ್ ಮಾಡದೆ ಮಾಡಿದ ಕೆಲಸ ಅದೊಂದೇ.

ಇನ್ನೊಂದು ಪಟ್ಟಿ ಇದೆ, ಕಟ್ಟೆಯವರಿಗೆ ಅದು ಗೊತ್ತಿಲ್ಲ. ಯಾರಿಗೆ ಈ ದುಡ್ಡು ಇಲ್ಲ ಅನ್ನೋ ಪಟ್ಟಿ. ಮುಂದೆ ಓದ್ತೀನಿ ಅಂತ ಎಂಎಗೆ ಸೇರಿದ್ರೆ ಇಲ್ಲ. ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ತಗೊಂಡು ಯಾವುದಾದ್ರೂ ಫ್ಯಾಕ್ಟರೀಲಿ ಕೆಲಸ ಕಲೀತಿದ್ರೆ ಇಲ್ಲ. ಸರ್ಕಾರದ ಯೋಜನೇಲಿ ಸಾಲ ತಗೊಂಡು ಸ್ವಂತಕ್ಕೆ ಏನೋ ಒಂದು ಶುರು ಮಾಡಿದ್ರೂ ಇಲ್ಲ. ಒಪ್ಕೋತೀನಿ, ಪ್ರತಿಯೊಂದಕ್ಕೂ ಬಿಡಿಬಿಡಿಯಾಗಿ ನೋಡಿದ್ರೆ ನ್ಯಾಯವಾದ ಕಾರಣ ಇದೆ, ಅಲ್ಲಿ ದುಡ್ಡು ಸಿಗೋನಿಗೆ ಇಲ್ಲಿ ಯಾಕೆ ಕೊಡ್ಬೇಕು. ಆದ್ರೆ ಒಟ್ಟಿಗೆ ಓದಿ ನೋಡಿ, ಓದೋನು ಬೇಡ, ಕಲಿಯೋನು ಬೇಡ, ಅಂಗಡಿ ಇಡೋನೂ ಬೇಡ. ಇದನ್ನೆಲ್ಲ ಬಿಟ್ಟು ಸುಮ್ನೆ ಕೂತವನಿಗೆ ಮೂರು ಸಾವಿರ, ಮೇಲೆ ಸುಮ್ನೆ ಯಾಕೋ ಕೂತಿದೀಯಾ ತರಬೇತಿಗೆ ಹೋಗೋ ಅಂತ ಕಟ್ಟೆಯಿಂದ ಬೈಗುಳ.

ಸರಿ, ತರಬೇತಿಗೆ ಬರೋಣ. ನಾನು ಹೋಗಿದ್ದು ಸರ್ಕಾರಿ ದುಡ್ಡಲ್ಲಿ ನಡೆಯೋ ಒಂದು ಖಾಸಗಿ ಸೆಂಟರಿಗೆ, ಹೆಸರು ಬೇಡ, ಇಂಥವು ಎಲ್ಲಾ ಊರಲ್ಲೂ ಬಟ್ಟೆ ಅಂಗಡಿ ಮೇಲೆ ಎರಡನೇ ಮಹಡೀಲಿ ಇರ್ತವೆ. ಒಂದಿನ ಫೋನ್ ಬಂತು. "ಸರ್, ನಾನು ಮೊಬಿಲೈಸರ್ ಮಾತಾಡ್ತಿರೋದು." ನನ್ನನ್ನ ಜೀವನದಲ್ಲಿ ಮೊದಲ್ನೇ ಸಲ ಒಬ್ರು ಸರ್ ಅಂದ್ರು, ಹಂಗೇ ಕರಗೋದೆ. ಮೊಬಿಲೈಸರ್ ಅಂದ್ರೆ ಬ್ಯಾಚಿಗೆ ತಲೆ ಸೇರಿಸೋರು. ಈ ಸೆಂಟರುಗಳಿಗೆ ದುಡ್ಡು ಬರೋದು ಕಂತಿನಲ್ಲಿ, ಬ್ಯಾಚು ಶುರುವಾದಾಗ ಒಂದಿಷ್ಟು, ಸರ್ಟಿಫಿಕೇಟ್ ಆದಾಗ ಒಂದಿಷ್ಟು, ಕೆಲಸಕ್ಕೆ ಸೇರಿಸಿದ್ವಿ ಅಂತ ತೋರಿಸಿದಾಗ ಉಳಿದಿದ್ದು. ಅಂದ್ರೆ ನಮ್ಮ ತಲೆಗೆ ಇಷ್ಟು ಅಂತ ರೇಟಿದೆ. ಎರಡು ವರ್ಷ ಮನೇಲಿ ದಂಡಪಿಂಡ ಅನ್ನಿಸ್ಕೊಂಡವನಿಗೆ ಅದು ಗೊತ್ತಾದಾಗ ಆಗೋ ಖುಷಿನೇ ಬೇರೆ.

ಕೋರ್ಸ್ ಹೆಸರು ಡೊಮೆಸ್ಟಿಕ್ ಡೇಟಾ ಎಂಟ್ರಿ ಆಪರೇಟರ್, ಅಂದ್ರೆ ಕಂಪ್ಯೂಟರಲ್ಲಿ ಮಾಹಿತಿ ಟೈಪ್ ಮಾಡಿ ತುಂಬೋನು. ಡೊಮೆಸ್ಟಿಕ್ ಅಂದ ತಕ್ಷಣ ಅಮ್ಮ ಮನೆಕೆಲಸ ಅಂದ್ಕೊಂಡು ಪರವಾಗಿಲ್ಲ ಹೋಗು, ಪಾತ್ರೆ ತೊಳೆಯೋದಾದ್ರೂ ಕಲಿ ಅಂದ್ಲು. ಬಸ್ ಚಾರ್ಜು ಹೋಗಿ ಬರೋಕೆ 60 ರೂಪಾಯಿ. ಜೊತೆಗಿದ್ದ ಹುಡುಗೀರಿಗೆ ಶಕ್ತಿ ಯೋಜನೇಲಿ ಫ್ರೀ, ನಮಗಿಲ್ಲ. ತಿಂಗಳಿಗೆ 26 ದಿನ ಹಿಡಿದ್ರೆ 1,560 ಆಯ್ತು, ಅಂದ್ರೆ ಸರ್ಕಾರ ಒಂದು ಕೈಯಿಂದ ಕೊಟ್ಟಿದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರದ್ದೇ ಬಸ್ಸಿಗೆ ವಾಪಸ್ ಹೋಯ್ತು, ನಾನು ಮಧ್ಯದಲ್ಲಿ ಪಾಸ್‌ಬುಕ್ ಥರ.

ಕ್ಲಾಸಲ್ಲಿ 30 ಜನ, 12 ಕಂಪ್ಯೂಟರು, ಆನ್ ಆಗೋದು 7. ಆ ಏಳರಲ್ಲಿ ಒಂದರ ಕೀಬೋರ್ಡಲ್ಲಿ ಸ್ಪೇಸ್ ಬಾರ್ ಇಲ್ಲ, ಅದಕ್ಕೆ ಕೂತವರು ಇಡೀ ಪ್ಯಾರಾನ ಒಂದೇ ಪದ ಮಾಡಿ ಟೈಪ್ ಮಾಡ್ಬೇಕು. ಆದ್ರೆ ಹೆಬ್ಬೆಟ್ಟಿನ ಮಿಷನ್ ಮಾತ್ರ ಫಸ್ಟ್ ಕ್ಲಾಸ್! ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಆಧಾರ್ ಲಿಂಕು. ಕೆಲವರ ಬೆರಳು ಸವೆದು ಓದ್ತಿರ್ಲಿಲ್ಲ, ಅವರು ಬೆರಳನ್ನ ತಲೆಗೂದಲಿಗೆ ಉಜ್ಜಿ ಎಣ್ಣೆ ಮಾಡ್ಕೊಂಡು ಒತ್ತೋರು, ನಾಲ್ಕನೇ ಸಲಕ್ಕೆ ಕುಂಯ್ ಅಂತ ಸೌಂಡ್ ಬಂದ್ರೆ ಇಡೀ ಲೈನು ಚಪ್ಪಾಳೆ. ನಮ್ಮಜ್ಜಿ ಹೆಬ್ಬೆಟ್ಟು ಒತ್ತೋಳು ಅನ್ನೋ ಒಂದೇ ಅವಮಾನಕ್ಕೆ ನಮ್ಮಪ್ಪ ನನ್ನನ್ನ ಡಿಗ್ರಿ ಓದಿಸಿದ್ದು. ಡಿಗ್ರಿ ಮುಗಿಸಿ ನಾನು ದಿನಕ್ಕೆರಡು ಸಲ ಒತ್ತಿದೆ.

ಕಲಿಸಿದ್ದು ಮುಖ್ಯವಾಗಿ ಸಾಫ್ಟ್ ಸ್ಕಿಲ್ಸ್. ಎದ್ದು ನಿಂತು ಮೈಸೆಲ್ಫ್ ಅಂತ ಶುರು ಮಾಡ್ಬಾರ್ದು ಅಂತ ಮೂರು ದಿನ ಹೇಳಿದ್ರು, ನಾಲ್ಕನೇ ದಿನ ಮೇಡಂ ತಾವೇ ಹೊಸಬರಿಗೆ ಮೈಸೆಲ್ಫ್ ಅಂತ ಪರಿಚಯ ಮಾಡ್ಕೊಂಡ್ರು. ರೆಸ್ಯೂಮೆ ಬರೆಯೋದಕ್ಕೆ ಒಂದು ವಾರ ಪೂರ್ತಿ. ಹಾಬೀಸ್ ಅನ್ನೋ ಜಾಗದಲ್ಲಿ ಮೂವತ್ತೂ ಜನ ಕ್ರಿಕೆಟ್ ನೋಡೋದು, ಹಾಡು ಕೇಳೋದು ಅಂತ ಬರೆದಿದ್ವಿ, ಅದನ್ನ ರೀಡಿಂಗ್ ಬುಕ್ಸ್ ಅಂತ ತಿದ್ದಿಸಿದ್ರು. ಆ ರೂಮಲ್ಲಿ ಇದ್ದಿದ್ದು ಒಂದೇ ಬುಕ್ಕು, ಅಟೆಂಡೆನ್ಸ್ ಬುಕ್ಕು, ಹೆಬ್ಬೆಟ್ಟು ಓದದೇ ಇದ್ರೆ ಅಂತ ಇಟ್ಟಿದ್ದು.

ಕಟ್ಟೆಯವರು ಇದು ನಮ್ಮ ದೇಶದ್ದೇ ರೋಗ ಅಂದ್ಕೋತಾರೆ, ಹಂಗೇನಿಲ್ಲ. ಬ್ರಿಟನ್ನಲ್ಲಿ 2011ರಲ್ಲಿ ಜಿಯಾಲಜಿ ಓದಿದ ಒಬ್ಬ ಹುಡುಗಿ ನಿರುದ್ಯೋಗ ಭತ್ಯೆ ತಗೊಂಡು ಒಂದು ಮ್ಯೂಸಿಯಮ್ಮಲ್ಲಿ ತಾನಾಗೇ ಹೋಗಿ ಕೆಲಸ ಕಲೀತಿದ್ಲು. ಅದನ್ನ ಬಿಡ್ಸಿ, ಒಂದು ಅಗ್ಗದ ಅಂಗಡೀಲಿ ಸಂಬಳ ಇಲ್ಲದೆ ಸಾಮಾನು ಜೋಡಿಸು, ಅದೇ ನಿಂಗೆ ಅನುಭವ, ಇಲ್ಲಾಂದ್ರೆ ಭತ್ಯೆ ಕಟ್ ಅಂದ್ರು. ಅವಳು ಕೋರ್ಟಿಗೆ ಹೋದ್ಲು. 2013ರ ಫೆಬ್ರವರೀಲಿ ಅಪೀಲು ಕೋರ್ಟು ಆ ಸ್ಕೀಮಿನ ನಿಯಮಗಳೇ ಕಾನೂನುಬಾಹಿರ ಅಂತು. ಸರ್ಕಾರ ಏನ್ ಮಾಡ್ತು ಗೊತ್ತಾ, ಮಾರ್ಚಲ್ಲಿ ಹಿಂದಿನ ತಾರೀಖಿಂದ್ಲೇ ಜಾರಿಗೆ ಬರೋ ಹಂಗೆ ಹೊಸ ಕಾನೂನು ತಂತು, ಭತ್ಯೆ ಕಟ್ ಮಾಡಿದ್ದು ವಾಪಸ್ ಕೊಡೋದು ತಪ್ಪಿಸ್ಕೊಳ್ಳೋಕೆ. ಅಷ್ಟು ಸ್ಪೀಡಾಗಿ ಕೆಲಸ ಮಾಡೋ ಸರ್ಕಾರ ಅಂಗಡೀಲಿ ಸಾಮಾನು ಜೋಡಿಸಕ್ಕೆ ಬಂದಿದ್ರೆ ಮಧ್ಯಾಹ್ನಕ್ಕೆ ಮುಗಿಸ್ತಿತ್ತು.

ತರಬೇತಿನೇ ದಂಡ ಅಂತ ನಾನು ಹೇಳ್ತಿಲ್ಲ. ನನ್ನ ಫ್ರೆಂಡ್ ಒಬ್ಬ ಎಸಿ ರಿಪೇರಿ ಕಲಿತು ಬೇಸಿಗೇಲಿ ಫೋನ್ ಎತ್ತಲ್ಲ, ಅಷ್ಟು ಬಿಜಿ. ಅವನು ಕಲಿತಿದ್ದು ಒಬ್ಬ ಮೇಸ್ತ್ರಿ ಹಿಂದೆ ಏಣಿ ಹೊತ್ಕೊಂಡು ತಿರುಗಿ, ಅವನಿಗೆ ಸರ್ಟಿಫಿಕೇಟೂ ಇಲ್ಲ, ಮೈಸೆಲ್ಫ್ ಅನ್ಬಾರ್ದು ಅಂತಾನೂ ಗೊತ್ತಿಲ್ಲ. ನನ್ನ ಹತ್ರ ಕ್ಯೂಆರ್ ಕೋಡ್ ಇರೋ ಕಲರ್ ಸರ್ಟಿಫಿಕೇಟ್ ಇದೆ. ಇಂಟರ್ವ್ಯೂ ಒಂದರಲ್ಲಿ ಅದನ್ನ ತೋರಿಸಿದೆ, ಅಲ್ಲಿನ ಸರ್ ಫೋನ್ ತೆಗೆದು ಸ್ಕ್ಯಾನ್ ಮಾಡಿ, ಓಹ್ ಓಪನ್ ಆಗುತ್ತೆ ಕಣ್ರೀ ಅಂತ ಪಕ್ಕದವರಿಗೆ ತೋರಿಸಿ, ವಾಪಸ್ ಕೊಟ್ಟು, ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲಿ ಬರುತ್ತಾ ಅಂದ್ರು. ಬರಲ್ಲ ಅಂದೆ.

ಪ್ಲೇಸ್ಮೆಂಟ್ ಬಗ್ಗೆ ಹೇಳದೆ ಇದ್ರೆ ಸೆಂಟರಿಗೆ ಅನ್ಯಾಯ ಆಗುತ್ತೆ. ನಮ್ಮ ಬ್ಯಾಚಲ್ಲಿ ಒಬ್ನಿಗೆ ನಿಜವಾಗ್ಲೂ ಕೆಲಸ ಸಿಕ್ತು. ಸ್ಪೇಸ್ ಬಾರ್ ಇಲ್ಲದ ಕೀಬೋರ್ಡಲ್ಲಿ ಆಲ್ಟ್ ಒತ್ತಿ 32 ಹೊಡೆದ್ರೆ ಸ್ಪೇಸ್ ಬರುತ್ತೆ ಅಂತ ಕಂಡುಹಿಡಿದಿದ್ದ, ಬುದ್ಧಿವಂತ. ಅವನನ್ನ ಅದೇ ಸೆಂಟರಲ್ಲಿ ಮುಂದಿನ ಬ್ಯಾಚಿಗೆ ಟ್ರೈನರ್ ಮಾಡ್ಕೊಂಡ್ರು. ಈ ಲೆಕ್ಕದಲ್ಲಿ ಬ್ಯಾಚಿಗೆ ಒಬ್ಬರಂತೆ ಟ್ರೈನರ್ ಆಗ್ತಾ ಹೋದ್ರೆ ಮುಂದೊಂದಿನ ನಾಡಿನ ಎಲ್ಲಾ ನಿರುದ್ಯೋಗಿಗಳೂ ನಿರುದ್ಯೋಗಿಗಳಿಗೆ ಕಲಿಸೋ ಕೆಲಸದಲ್ಲಿರ್ತಾರೆ, ಕಲಿಯೋಕೆ ಜನ ಸಾಲದೆ ಹೊರರಾಜ್ಯದಿಂದ ನಿರುದ್ಯೋಗಿಗಳನ್ನ ತರಿಸಬೇಕಾಗುತ್ತೆ. ಹಂಗಾಗಿ ಕೋರ್ಸಿಗೆ ಹೋಗ್ಬೇಕಾ ಅಂತ ಕೇಳಿದ್ರೆ ಹೋಗ್ಬೇಕು ಅಂತೀನಿ ನಾನೂ. ನಾವು ಹೋಗ್ಲಿಲ್ಲ ಅಂದ್ರೆ ಮೊಬಿಲೈಸರು, ಮೇಡಮ್ಮು, ಹೆಬ್ಬೆಟ್ಟು ಮಿಷನ್ ರಿಪೇರಿಯವನು, ಎಷ್ಟು ಸಂಸಾರ ಬೀದಿಗೆ ಬೀಳುತ್ತೆ ಯೋಚ್ನೆ ಮಾಡಿ.

ಎರಡು ವರ್ಷ ಮುಗೀತು, ದುಡ್ಡು ನಿಂತಿದೆ, ಫೋನ್ ನಿಂತಿಲ್ಲ. ಹೋದ ವಾರ ಆ ಹೊಸ ಟ್ರೈನರ್ರೇ ಮಾಡಿದ್ದ. "ಮಗಾ, ಮೇಲಿಂದ ಇನ್ಸ್‌ಪೆಕ್ಷನ್ ಐತೆ, ಮೂರು ತಲೆ ಕಮ್ಮಿ ಐತೆ, ಫೋಟೋಗೆ ಬಾರೋ, ಬಿಳಿ ಶರ್ಟ್ ಹಾಕ್ಕೊಂಡ್ ಬಾ." ಹೋದೆ. ಅವತ್ತು ಹನ್ನೆರಡೂ ಕಂಪ್ಯೂಟರ್ ಆನ್ ಆಗಿದ್ವು, ಐದು ಎಲ್ಲಿಂದಲೋ ಬಾಡಿಗೆಗೆ ತಂದಿದ್ರು ಅನ್ಸುತ್ತೆ. ಸಾಹೇಬ್ರು ನನ್ನ ಹತ್ರ ನಿಂತು ಎಷ್ಟು ದಿನದಿಂದ ಬರ್ತಿದೀಯಪ್ಪಾ ಅಂದ್ರು. ಈ ಬ್ಯಾಚಿಗೆ ಇವತ್ತೇ ಮೊದಲು ಸರ್ ಅನ್ನೋಕೆ ಬಾಯಿ ತೆರೆದೆ, ಹಿಂದಿಂದ ಟ್ರೈನರ್ ಕಾಲು ತುಳಿದ. ಎರಡು ಇಡ್ಲಿ, ಒಂದು ವಡೆ ಕೊಟ್ರು. ಬಸ್ ಚಾರ್ಜ್ ಕೇಳಿದ್ದಕ್ಕೆ ಮುಂದಿನ ಕಂತು ಬರ್ಲಿ ಅಂದ್ರು.