ಟ್ಯಾಂಕ್ ಒಡೆದಿಲ್ಲ, ಶಿಥಿಲಾವಸ್ಥೆ ತಲುಪಿದೆ

ಪತ್ರಿಕಾ ವರದಿ ಬರೆಯುವುದನ್ನು ಶಾಲೆಯಲ್ಲೇ ಹೇಳಿಕೊಡುತ್ತಿದ್ದಾರೆ, ಬಹಳ ಸಂತೋಷ. ಎಂಟನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಬರೆದಳೆನ್ನಿ: ‘ನಮ್ಮ ಶಾಲೆ ನೀರಿನ ಟ್ಯಾಂಕ್ ಒಡೆದು ಮೂರು ದಿನ ಆಯ್ತು. ಪಂಚಾಯ್ತಿಯೋರು ಇನ್ನೂ ರಿಪೇರಿ ಮಾಡ್ಸಿಲ್ಲ.’ ಛೇ, ಇದೂ ಒಂದು ಭಾಷೆಯೇ! ಕೆಂಪು ಶಾಯಿ ಇಳಿಯುತ್ತದೆ: ‘ಶಾಲಾ ಆವರಣದಲ್ಲಿನ ನೀರಿನ ತೊಟ್ಟಿಯು ಶಿಥಿಲಾವಸ್ಥೆ ತಲುಪಿದ್ದು, ಶೀಘ್ರ ದುರಸ್ತಿ ಕಾರ್ಯ ಕೈಗೊಳ್ಳಬೇಕೆಂದು ಸಾರ್ವಜನಿಕರು ಒತ್ತಾಯಿಸಿದ್ದಾರೆ.’ ಎಂಥಾ ಗಾಂಭೀರ್ಯ! ಮೂರು ದಿನ ಮಾಯ, ಪಂಚಾಯಿತಿ ಮಾಯ. ಬಾಯಾರಿ ಕೂತ ಮಕ್ಕಳು ಬಡ್ತಿ ಪಡೆದು ಸಾರ್ವಜನಿಕರಾದರು.

ಅವಳ ವಾಕ್ಯಕ್ಕೆ ಬೇಕಿದ್ದ ರಿಪೇರಿ ಇಷ್ಟೇ. ‘ನಮ್ಮ ಶಾಲೆ’ ಇದ್ದಲ್ಲಿ ಊರು ಮತ್ತು ಶಾಲೆಯ ಹೆಸರು, ‘ಆಯ್ತು’ ಇದ್ದಲ್ಲಿ ‘ಆಗಿದೆ’, ‘ಮಾಡ್ಸಿಲ್ಲ’ ಇದ್ದಲ್ಲಿ ‘ಮಾಡಿಸಿಲ್ಲ’, ಜೊತೆಗೆ ಪಿಡಿಒ ಅವರನ್ನು ಕೇಳಿ ಬರೆದ ಒಂದು ಸಾಲು. ಏನು, ಎಲ್ಲಿ, ಯಾವಾಗ, ಯಾರು ಎಂಬ ಪ್ರಶ್ನೆಗಳಿಗೆ ಹುಡುಗಿ ಎರಡೇ ಸಾಲಿನಲ್ಲಿ ಉತ್ತರ ಕೊಟ್ಟಾಗಿತ್ತು.

ನಾವು ಶ್ರದ್ಧೆಯಿಂದ ಕಲಿಸುವುದು ವಾರ್ಷಿಕೋತ್ಸವದ ವರದಿಯನ್ನು. ಗಣ್ಯರು ದೀಪ ಬೆಳಗಿಸಿ ಚಾಲನೆ ನೀಡಬೇಕು, ಆಮೇಲೆ ಅಭಿಪ್ರಾಯಪಡಬೇಕು. ವೇದಿಕೆ ಮೇಲಿದ್ದವರ ಹೆಸರು ಹುದ್ದೆಯ ಹಿರಿತನದ ಪ್ರಕಾರ. ಒಂದು ಬಿಟ್ಟುಹೋದರೆ ಬೆಳಿಗ್ಗೆಯೇ ಫೋನ್. ಕುಣಿದ ಮಕ್ಕಳು? ‘ಸಾಂಸ್ಕೃತಿಕ ಕಾರ್ಯಕ್ರಮಗಳು ಜನಮನ ಸೂರೆಗೊಂಡವು.’ ಕೊನೆಗೆ ಒಬ್ಬರು ಪ್ರಾರ್ಥಿಸಿದರು, ಒಬ್ಬರು ಸ್ವಾಗತಿಸಿದರು, ಒಬ್ಬರು ನಿರೂಪಿಸಿದರು, ಒಬ್ಬರು ವಂದಿಸಿದರು. ಎಲ್ಲಕ್ಕಿಂತ ಮೊದಲು ನಡೆದ ಪ್ರಾರ್ಥನೆ ಬಾಲಕ್ಕೆ ಬರುವುದೇಕೆ? ಜಾಗ ಸಾಲದಿದ್ದರೆ ಪತ್ರಿಕೆಯ ಡೆಸ್ಕಿನವರು ಕತ್ತರಿ ಹಾಕುವುದು ಬಾಲಕ್ಕೇ. ಮುಖ್ಯವಾದದ್ದು ತಲೆಯಲ್ಲಿ, ಬಿಟ್ಟರೂ ನಡೆಯುವುದು ಬಾಲದಲ್ಲಿ ಎನ್ನುವ ತಲೆಕೆಳಗಾದ ಪಿರಮಿಡ್ಡಿನ ಪಾಠ ನಮ್ಮಲ್ಲಿ ಸರಿಯಾಗಿ ಇಳಿದಿರುವುದು ಇದೊಂದು ಕಡೆ ಮಾತ್ರ.

ಇನ್ನು ಉದ್ಧರಣ ಚಿಹ್ನೆ. ಅದರೊಳಗೆ ಶಿಷ್ಟ ಭಾಷೆಗೆ ಪ್ರವೇಶವಿಲ್ಲ, ಆಡಿದವರ ಮಾತು ಆಡಿದಂತೆಯೇ ಇರಬೇಕು. ‘ಎಲ್ಲಾ ಒಣಗಿ ಹೋಗೇತ್ರಿ, ಸಾಲ ಹೆಂಗ ತೀರಸ್ಲಿ’ ಎಂದ ಅಜ್ಜಿ ಮರುದಿನ ಪತ್ರಿಕೆಯಲ್ಲಿ ‘ಸೂಕ್ತ ಪರಿಹಾರ ಒದಗಿಸಬೇಕು’ ಎಂದು ಸುತ್ತೋಲೆಯ ಧಾಟಿಯಲ್ಲಿ ಅಳಲು ತೋಡಿಕೊಂಡಿರುತ್ತಾಳೆ. ಹರ್ಮನ್ ಮೊಗ್ಲಿಂಗ್ ಜರ್ಮನಿಯಿಂದ ಬಂದು, ಕನ್ನಡ ಕಲಿತು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದರು. ನಮ್ಮ ಮಕ್ಕಳು ಬಲ್ಲ ಕನ್ನಡವನ್ನು ಮರೆತು ವರದಿಗಾರರಾಗಬೇಕು.

ಈ ವರದಿ ಭಾಷೆಯಲ್ಲಿ ಅತ್ಯುನ್ನತ ದರ್ಜೆಯದೆಂದರೆ ‘ಲಾಗಿದೆ’. ‘ಎನ್ನಲಾಗಿದೆ’, ಅಂದವರು ಯಾರು? ‘ನಿರ್ಲಕ್ಷಿಸಲಾಗಿದೆ’, ಯಾರಿಂದ? ಮೇಷ್ಟ್ರು ಅಂಚಿನಲ್ಲಿ ಈ ಒಂದು ಪ್ರಶ್ನೆ ಬರೆದರೆ ಅರ್ಧ ಪಾಠ ಮುಗಿಯಿತು. ಬರೆಯುವುದಿಲ್ಲ. ಹಾಗಾಗಿ ಮಕ್ಕಳು ದೊಡ್ಡವರಾಗಿ ಇದನ್ನು ಬರೆಯುತ್ತಾರೆ: ‘ರಸ್ತೆ ಗುಂಡಿ ತಪ್ಪಿಸಲು ಹೋಗಿ, ನಿಯಂತ್ರಣ ತಪ್ಪಿ ಬಿದ್ದ ಬೈಕ್ ಸವಾರ ಸ್ಥಳದಲ್ಲೇ ಮೃತಪಟ್ಟಿದ್ದಾರೆ.’ ತಪ್ಪಿಸಲು ಹೋದವನು ಅವನು, ನಿಯಂತ್ರಣ ತಪ್ಪಿದ್ದೂ ಅವನಿಗೇ. ರಸ್ತೆ ಯಾವ ಇಲಾಖೆಯದು, ಗುತ್ತಿಗೆದಾರ ಯಾರು, ಡಾಂಬರು ಹಾಕಿ ಎಷ್ಟು ತಿಂಗಳಾಗಿತ್ತು? ವಾಕ್ಯದಲ್ಲಿ ಜಾಗವಿಲ್ಲ. ಪ್ರತಿ ಮಳೆಗಾಲವೂ ಇದೇ ವಾಕ್ಯ, ಹೆಸರಷ್ಟೇ ಬೇರೆ. ಓದಿ ಓದಿ ಸಾಕಾಗಿದೆ ಸ್ವಾಮಿ. ಪ್ರಕರಣ ದಾಖಲಾಗಿದ್ದು, ತನಿಖೆ ಮುಂದುವರಿದಿದೆ.