ಪೆಟ್ರೋಲ್ ಹಾಕದ ಬಂಕಿಗೆ ಪೂರ್ಣಕುಂಭ

ಶಿಕಾಗೋ ಬಿಟ್ಟು ದಕ್ಷಿಣಕ್ಕೆ ಎರಡು ಗಂಟೆ ಸಾಗಿದ್ದೆವು. ಸೋದರಳಿಯನ ಕಾರಿನಲ್ಲಿ ಪೆಟ್ರೋಲ್ ತಳ ಮುಟ್ಟಿದೆ ಎಂದು ಸಾರುವ ಕಿತ್ತಳೆ ದೀಪ ಹೊತ್ತಿಕೊಳ್ಳುವುದಕ್ಕೂ, ಇಳಿಜಾರು ಮಾಡು, ಬಿಳಿ ಬಣ್ಣದ ಮರದ ಗೋಡೆ, ಅಂಗಳದಲ್ಲಿ ಎರಡು ಕೆಂಪು ಪಂಪು, ಪಂಪಿನ ನೆತ್ತಿಯ ಮೇಲೆ ಗಾಜಿನ ಗೋಳ, ಇಷ್ಟನ್ನೂ ಹೊತ್ತು ನಿಂತ ಪುಟ್ಟ ಬಂಕೊಂದು ರಸ್ತೆಯ ಬದಿಯಲ್ಲಿ ಕಾಣಿಸುವುದಕ್ಕೂ ಸರಿಹೋಯಿತು. ದೇವರು ದೊಡ್ಡವನು ಎಂದು ನಾನು ಉದ್ಗರಿಸಿದೆ. ಅಳಿಯ ನಕ್ಕು, "ಮಾವ, ಇದು ಪೆಟ್ರೋಲ್ ಹಾಕೋ ಬಂಕ್ ಅಲ್ಲ, ಪರಂಪರೆಯ ಬಂಕ್. ಇಲ್ಲಿ ಫೋಟೋ ಮಾತ್ರ" ಎಂದ.

ಒಳಗೆ ನಿವೃತ್ತ ಹಿರಿಯರೊಬ್ಬರು ಸ್ವಯಂಸೇವಕರಾಗಿ ಕುಳಿತಿದ್ದರು. ಸಂದರ್ಶಕರ ಪುಸ್ತಕದಲ್ಲಿ ನಮ್ಮ ಸಹಿ ಹಾಕಿಸಿದರು, ಗೋಡೆಯ ಮೇಲಿನ ಭೂಪಟದಲ್ಲಿ ಬೆಂಗಳೂರು ಇರಬಹುದಾದ ಜಾಗಕ್ಕೆ ಒಂದು ಗುಂಡುಸೂಜಿ ಚುಚ್ಚಿಸಿದರು, ಆಮೇಲೆ ಹಳೆಯ ಟೈರು ಪಂಪನ್ನೂ ಎಣ್ಣೆಯ ಡಬ್ಬಗಳನ್ನೂ ಒಂದೊಂದಾಗಿ ಪರಿಚಯಿಸಿಕೊಟ್ಟರು. ಇಷ್ಟೆಲ್ಲ ಉಪಚಾರದ ನಡುವೆ ನಾನು ತಡೆಯಲಾರದೆ, ಎಲ್ಲಾದರೂ ಒಂದಿಷ್ಟು ಪೆಟ್ರೋಲ್ ಸಿಕ್ಕೀತೇ ಎಂದು ಕೇಳಿಬಿಟ್ಟೆ. ಮಠದ ಪಂಕ್ತಿಯಲ್ಲಿ ಕೂತು ಊಟದ ಬಿಲ್ ಎಷ್ಟು ಎಂದು ವಿಚಾರಿಸಿದವನನ್ನು ನೋಡುವಂತೆ ಅವರು ನನ್ನನ್ನು ನೋಡಿ, ಮೌನವಾಗಿ ಹೆದ್ದಾರಿಯ ದಿಕ್ಕಿಗೆ ಕೈ ತೋರಿಸಿದರು.

ಹೆದ್ದಾರಿಯ ಪಕ್ಕದ ಬಂಕಿನಲ್ಲಿ ಪೆಟ್ರೋಲ್ ಇತ್ತು, ಮನುಷ್ಯರಿರಲಿಲ್ಲ. ಹಿರಿಯನೆಂಬ ಹಮ್ಮಿನಿಂದ ನಾನೇ ದುಡ್ಡು ಕೊಡುತ್ತೇನೆಂದು ಹಟ ಹಿಡಿದು ಪಂಪಿನ ಬಾಯಿಗೆ ಕಾರ್ಡ್ ತೂರಿಸಿದೆ. ಅದು ಅಂಚೆಯ ಸಂಖ್ಯೆಯನ್ನು ಒತ್ತಲು ಹೇಳಿತು. ಅಮೆರಿಕದ ಅಂಚೆ ಸಂಖ್ಯೆಗೆ ಐದು ಅಂಕಿ, ನಮ್ಮ ಪಿನ್‌ಕೋಡಿಗೆ ಆರು. ಐದನ್ನು ಒತ್ತುತ್ತಿದ್ದಂತೆಯೇ ಯಂತ್ರ ತಾನೇ ತೀರ್ಮಾನಕ್ಕೆ ಬಂದು ನನ್ನ ಕಾರ್ಡನ್ನು ಉಗುಳಿತು. ಐವತ್ತು ವರ್ಷ ಒಂದೇ ಬಡಾವಣೆಯಲ್ಲಿ ಬಾಳಿದ ನನ್ನ ಆರನೆಯ ಅಂಕಿ ಬೆರಳಿನ ತುದಿಯಲ್ಲಿಯೇ ಉಳಿಯಿತು. "ಜೀರೋ ನೋಡ್ಕೊಳಿ ಸಾರ್" ಎಂದು ಹೇಳುವ ಹುಡುಗನೊಬ್ಬ ಅಲ್ಲಿರಬೇಕಾಗಿತ್ತು ಎಂದು ನನಗೆ ಅನ್ನಿಸಿದ್ದು ಆಗ.

ಕಲ್ಲು ನಾಗರನಿಗೆ ಹಾಲೆರೆದು ನಿಜದ ಹಾವಿಗೆ ದೊಣ್ಣೆ ಎತ್ತುವುದು ನಮ್ಮ ದೇಶದ ಗುತ್ತಿಗೆ ಎಂದು ತಿಳಿದಿದ್ದ ನನಗೆ ಅಂದು ಜ್ಞಾನೋದಯವಾಯಿತು. ಕ್ಯಾಲಿಫೋರ್ನಿಯಾದ ಪೆಟಲೂಮಾ ನಗರ 2021ರಲ್ಲಿ ತನ್ನ ಎಲ್ಲೆಯೊಳಗೆ ಇನ್ನು ಮುಂದೆ ಹೊಸ ಪೆಟ್ರೋಲ್ ಬಂಕೇ ಬೇಡ ಎಂದು ನಿಷೇಧಿಸಿತು. ಅದೇ ದೇಶದಲ್ಲಿ ಹಳೆಯ ಬಂಕುಗಳಿಗೆ ನಡೆಯುತ್ತಿರುವುದು ಜೀರ್ಣೋದ್ಧಾರ. ಇದಕ್ಕೆ ಆಗಮಶಾಸ್ತ್ರವೂ ಉಂಟು. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಚಾರಿತ್ರಿಕ ಕಟ್ಟಡಗಳ ರಕ್ಷಣೆಗಾಗಿ ಹೊರಡಿಸುವ ಕೈಪಿಡಿಗಳ ಮಾಲೆಯಲ್ಲಿ 46ನೆಯದು ಹಳೆಯ ಬಂಕುಗಳಿಗೆಂದೇ ಮೀಸಲಾಗಿದ್ದು, ಎನಾಮಲ್ ತಗಡಿನ ಗೋಡೆಯನ್ನು ಉಳಿಸಿಕೊಳ್ಳುವುದು ಹೇಗೆ, ಚಾವಣಿಯನ್ನು ದುರಸ್ತಿ ಮಾಡುವುದು ಹೇಗೆ ಎಂಬುದನ್ನು ದೇವಾಲಯದ ಶಿಲ್ಪಿಗೆ ಹೇಳುವಷ್ಟೇ ಗಾಂಭೀರ್ಯದಿಂದ ವಿವರಿಸುತ್ತದೆ. ಚಾರಿತ್ರಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದ ಕಟ್ಟಡವನ್ನು ಆದಾಯ ತರುವಂತೆ ನವೀಕರಿಸಿದರೆ, ಅರ್ಹ ವೆಚ್ಚದ 20 ಪ್ರತಿಶತದಷ್ಟು ತೆರಿಗೆ ವಿನಾಯಿತಿಯೂ ದೊರೆಯುತ್ತದೆ. ಆ ಪಟ್ಟಿಗೆ ಸೇರಲು ಸಾಮಾನ್ಯವಾಗಿ ಐವತ್ತು ವರ್ಷ ತುಂಬಿರಬೇಕು. ಐವತ್ತಾದ ಮೇಲೆ ಯಾರೂ ಕೆಲಸ ಕೊಡುವುದಿಲ್ಲ ಎಂದು ಕೊರಗುವ ನಮ್ಮಂಥವರು ಬಂಕುಗಳಾಗಿ ಹುಟ್ಟಬೇಕಿತ್ತು.

ಈ ಭಕ್ತಿಯ ಮೂಲಸ್ಥಾನ ರೂಟ್ 66. ಶಿಕಾಗೋದಿಂದ ಕ್ಯಾಲಿಫೋರ್ನಿಯಾದ ಸ್ಯಾಂಟಾ ಮೋನಿಕಾವರೆಗೆ ಎಂಟು ರಾಜ್ಯಗಳನ್ನು ಹಾಯುವ ಈ ರಸ್ತೆ ಅಧಿಕೃತವಾಗಿ ಹುಟ್ಟಿದ್ದು 1926ರಲ್ಲಿ. 1956ರಲ್ಲಿ ಕೇಂದ್ರ ಸರ್ಕಾರವೇ ಇಂಟರ್‌ಸ್ಟೇಟ್ ಹೆದ್ದಾರಿಗಳ ಕಾನೂನು ತಂದು ಇದರ ಪಕ್ಕದಲ್ಲಿಯೇ, ಕೆಲವೆಡೆ ಇದರ ಮೈಮೇಲೆಯೇ, ಅಗಲವಾದ ಹೊಸ ರಸ್ತೆಗಳನ್ನು ಹಾಸಿತು. ವಾಹನಗಳೆಲ್ಲ ಅತ್ತ ಹೊರಳಿದ್ದರಿಂದ ಊರುಗಳ ನಡುವಿನ ಬಂಕುಗಳು ಬಾಗಿಲು ಹಾಕಿಕೊಂಡವು. 1985ರಲ್ಲಿ ರಸ್ತೆಯ ಹೆಸರನ್ನೇ ಹೆದ್ದಾರಿಗಳ ಪಟ್ಟಿಯಿಂದ ಕಿತ್ತುಹಾಕಲಾಯಿತು. ಹದಿನಾಲ್ಕು ವರ್ಷ ಕಳೆದು, 1999ರಲ್ಲಿ, ಅದೇ ಸರ್ಕಾರ ಅದೇ ರಸ್ತೆಯ ಸಂರಕ್ಷಣೆಗೆ ಇನ್ನೊಂದು ಕಾನೂನು ಮಾಡಿ ಅನುದಾನ ಕೊಡತೊಡಗಿತು. ಬದುಕಿದ್ದಾಗ ತುತ್ತು ಅನ್ನ ಹಾಕದ ಮಗ ತಿಥಿಗೆ ಊರೂಟ ಹಾಕಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಕತ್ತು ಹಿಸುಕಿದ ಮಗನೇ ತಿಥಿ ಮಾಡುತ್ತಿದ್ದಾನೆ ಎಂಬುದಷ್ಟೇ ವ್ಯತ್ಯಾಸ. ಇಲಿನಾಯ್ ರಾಜ್ಯದ ಡ್ವೈಟ್ ಎಂಬ ಊರಿನ ಟೆಕ್ಸಕೋ ಬಂಕ್ 1933ರಲ್ಲಿ ಹುಟ್ಟಿ, ಸರಿಯಾಗಿ 66 ವರ್ಷ ಪೆಟ್ರೋಲ್ ಹಾಕಿ, ಈ ಕಾನೂನು ಬಂದ 1999ರಲ್ಲಿಯೇ ಪಂಪುಗಳ ಕಣ್ಣು ಮುಚ್ಚಿಸಿತು. ನಮ್ಮ ಜೋಯಿಸರ ಕೈಗೆ ಈ ಜಾತಕ ಸಿಕ್ಕಿದ್ದರೆ ಅವರು ಅದನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಈಗ ಅದು ಪ್ರವಾಸಿ ಮಾಹಿತಿ ಕೇಂದ್ರ.

ಇಷ್ಟಾದರೂ ನನ್ನ ಪೂರ್ಣ ಗೌರವಕ್ಕೆ ಪಾತ್ರವಾದ ಬಂಕು ರೂಟ್ 66ರಲ್ಲಿಲ್ಲ, ದೂರದ ವಾಷಿಂಗ್ಟನ್ ರಾಜ್ಯದ ಜಿಲ್ಲಾ ಎಂಬ ಪುಟ್ಟ ಊರಿನಲ್ಲಿದೆ. (ಊರಿನ ಹೆಸರೇ ಜಿಲ್ಲಾ, ನಮ್ಮ ಜಿಲ್ಲಾ ಪಂಚಾಯಿತಿಗೂ ಅದಕ್ಕೂ ಸಂಬಂಧವಿಲ್ಲ.) 1922ರಲ್ಲಿ ಕಟ್ಟಿದ ಈ ಬಂಕಿನ ಆಕಾರ ಚಹಾದ ಕೆಟಲಿನದು: ದುಂಡು ಮೈ, ಶಂಕುವಿನಂಥ ಮಾಡು, ಒಂದು ಬದಿಗೆ ಕಾಂಕ್ರೀಟಿನ ಮೂತಿ, ಇನ್ನೊಂದು ಬದಿಗೆ ತಗಡಿನ ಹಿಡಿ. ಕಟ್ಟಿದವನು ಚಹಾಪ್ರಿಯನಾಗಿರಲಿಲ್ಲ, ವಿಡಂಬನಕಾರನಾಗಿದ್ದ. ಅಧ್ಯಕ್ಷ ಹಾರ್ಡಿಂಗ್‌ರ ಸಂಪುಟದ ಆಂತರಿಕ ವ್ಯವಹಾರಗಳ ಕಾರ್ಯದರ್ಶಿ ಆಲ್ಬರ್ಟ್ ಫಾಲ್, ನೌಕಾಪಡೆಗೆಂದು ಕಾದಿರಿಸಿದ್ದ ತೈಲ ನಿಕ್ಷೇಪಗಳನ್ನು ಟೆಂಡರ್ ಕರೆಯದೆ ತನಗೆ ಬೇಕಾದ ತೈಲ ದೊರೆಗಳಿಗೆ ಗುತ್ತಿಗೆ ಕೊಟ್ಟುಬಿಟ್ಟಿದ್ದ. ಅವುಗಳಲ್ಲಿ ವಯೋಮಿಂಗ್‌ನ ನಿಕ್ಷೇಪದ ಹೆಸರು ಟೀಪಾಟ್ ಡೋಮ್. ನಮ್ಮವನು ಅದನ್ನು ಅಣಕಿಸಿ ಕೆಟಲನ್ನೇ ಕಟ್ಟಿ, ಅದರೊಳಗೆ ಕುಳಿತು ಪೆಟ್ರೋಲ್ ಮಾರಿದ. ಪತ್ರಿಕೆಯಲ್ಲಿ ಅಂಕಣ ಬರೆದು ಸಂಭಾವನೆಗೆ ಕಾಯುವ ನಾವು ಅವನ ಮುಂದೆ ಕುಬ್ಜರು.

ಆ ಹಗರಣದ ಮೊಕದ್ದಮೆಯ ಕೊನೆಯೂ ಅಷ್ಟೇ ರಸವತ್ತಾಗಿದೆ. ಎಡ್ವರ್ಡ್ ಡೊಹೆನಿ ಎಂಬ ತೈಲ ದೊರೆಯಿಂದ ಒಂದು ಲಕ್ಷ ಡಾಲರ್ ಲಂಚ ಪಡೆದ ಆರೋಪ ಸಾಬೀತಾಗಿ ಫಾಲ್ 1929ರಲ್ಲಿ ಅಪರಾಧಿ ಎನಿಸಿ ಮುಂದೆ ಜೈಲು ಸೇರಿದ. ಅದೇ ಲಂಚವನ್ನು ಕೊಟ್ಟ ಆರೋಪದಿಂದ ಡೊಹೆನಿ 1930ರಲ್ಲಿ ನಿರ್ದೋಷಿಯಾಗಿ ಹೊರಬಂದ. ಕೊಡದ ಲಂಚವನ್ನು ಪಡೆದ ಜಗತ್ತಿನ ಏಕೈಕ ಮಂತ್ರಿ ಎಂಬ ಕೀರ್ತಿ ಹೀಗೆ ಫಾಲ್‌ಗೆ ಸಂದಿತು. ಟೀಪಾಟ್ ಡೋಮನ್ನು ಪಡೆದಿದ್ದ ಹ್ಯಾರಿ ಸಿಂಕ್ಲೇರ್ ಮಾತ್ರ ಒಳಸಂಚಿನ ಆರೋಪದಿಂದ ಪಾರಾದರೂ ಸಂಸತ್ತಿನ ಮತ್ತು ನ್ಯಾಯಾಲಯದ ನಿಂದನೆಯ ಪ್ರಕರಣಗಳಲ್ಲಿ ಕೆಲವು ತಿಂಗಳು ಜೈಲಿನ ಅನ್ನ ಉಂಡು ಬಂದ. ಅವನ ಕಂಪನಿಯ ಹಸಿರು ಡೈನೋಸಾರ್ ಇರುವ ಫಲಕ ಇವತ್ತು ಹಳೆಯ ಬಂಕುಗಳ ಆರಾಧಕರ ಕಣ್ಣಲ್ಲಿ ನೀರು ತರಿಸುವ ಮಂಗಳದ್ರವ್ಯ. ಹಗರಣದ ನೆನಪಿಗೆ ಕಟ್ಟಿದ ಕೆಟಲ್ ರಾಷ್ಟ್ರೀಯ ಪಟ್ಟಿಯಲ್ಲಿದೆ, ಹಗರಣದಲ್ಲಿ ಹೆಸರು ಕೆಡಿಸಿಕೊಂಡವನ ಡೈನೋಸಾರೂ ಪೂಜೆಗೊಳ್ಳುತ್ತಿದೆ. ಕೆಟಲನ್ನು 2012ರಲ್ಲಿ ಜಿಲ್ಲಾ ಊರಿನ ನಡುವಿಗೆ ಸಾಗಿಸಿ ಮಾಹಿತಿ ಕೇಂದ್ರ ಮಾಡಿದ್ದಾರೆ. ಪೆಟ್ರೋಲ್ ಅಲ್ಲಿಯೂ ಇಲ್ಲ, ಚಹಾ ಸಿಗುವ ಭರವಸೆಯನ್ನೂ ನಾನು ಕೊಡಲಾರೆ.

ಮೂಲ ಸಿಕ್ಕದಿದ್ದರೆ ನಕಲು ಆದೀತು ಎಂಬ ಉದಾರತೆಯೂ ಈ ಪಂಥದಲ್ಲಿದೆ. ಮಿಸೌರಿಯಲ್ಲಿ 1955ರಲ್ಲಿ ಸುಟ್ಟುಹೋದ ಗೇ ಪರೀಟಾ ಎಂಬ ಸಿಂಕ್ಲೇರ್ ಬಂಕಿಗೆ ಪ್ರತಿಕೃತಿ ಎದ್ದಿದೆ. ಅರಿಜೋನಾದ ಕೂಲ್ ಸ್ಪ್ರಿಂಗ್ಸ್ ಬಂಕಿನ ಅವಶೇಷವನ್ನು ಸಿನಿಮಾದವರು ಚಿತ್ರೀಕರಣಕ್ಕಾಗಿ ಸ್ಫೋಟಿಸಿದ ಮೇಲೂ, ಹಳೆಯ ಫೋಟೋ ನೋಡಿಕೊಂಡು ಮತ್ತೆ ಕಟ್ಟಲಾಗಿದೆ. ಇವೆರಡನ್ನೂ ಮೀರಿಸಿದ್ದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರ. ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1927ರಲ್ಲಿ ಅಲ್ಲಿಗಾಗಿ ಒಂದು ಬಂಕಿನ ನಕ್ಷೆ ಬರೆದಿದ್ದರು. ತಾಮ್ರದ ಮಾಡು, ತಾಮ್ರದ ಎತ್ತರದ ಕಂಬಗಳು, ತಲೆಯ ಮೇಲಿನಿಂದ ತಾನಾಗಿಯೇ ಇಳಿದುಬರುವ ಪೆಟ್ರೋಲ್, ಮಹಡಿಯ ಮೇಲೆ ಗ್ರಾಹಕರಿಗೆ ಕುಳಿತುಕೊಳ್ಳಲು ಕೋಣೆ ಮತ್ತು ಆ ಕೋಣೆಯಲ್ಲಿ ಚಳಿ ಕಾಯಿಸಿಕೊಳ್ಳಲು ಉರಿಯುವ ಬೆಂಕಿಗೂಡು. ಪೆಟ್ರೋಲಿನ ಪಕ್ಕದಲ್ಲಿ ಬೆಂಕಿಗೂಡು ಇರಬೇಕೆಂಬ ಕಲ್ಪನೆ ಮಹಾನ್ ಕಲಾವಿದರಿಗೆ ಮಾತ್ರ ಹೊಳೆಯುವಂಥದ್ದು. ಆ ಬಂಕನ್ನು ಆಗ ಯಾರೂ ಕಟ್ಟಲಿಲ್ಲ. ಸುಮಾರು ತೊಂಬತ್ತು ವರ್ಷಗಳ ನಂತರ ಅದನ್ನು ವಾಹನಗಳ ವಸ್ತುಸಂಗ್ರಹಾಲಯವೊಂದರ ಚಾವಣಿಯ ಕೆಳಗೆ ಕಟ್ಟಿ ನಿಲ್ಲಿಸಿದ್ದಾರೆ. ಎಂದೂ ಇರದಿದ್ದ ಬಂಕಿನ ಮುಂದೆ ನಿಂತು ಜನರು ಕಳೆದ ಕಾಲವನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ.

ನೆಲದ ಮೇಲಿನದನ್ನು ಇಷ್ಟು ಅಕ್ಕರೆಯಿಂದ ಕಾಯುವವರು ನೆಲದ ಕೆಳಗಿನದರ ಬಗ್ಗೆ ಮಾತ್ರ ಮೌನಿಗಳು. ಹಳೆಯ ಬಂಕುಗಳ ಅಡಿಯಲ್ಲಿ ಹೂತಿಟ್ಟಿದ್ದ ಬರಿಯ ಉಕ್ಕಿನ ಟ್ಯಾಂಕುಗಳು ತುಕ್ಕು ಹಿಡಿದು, ತೂತು ಬಿದ್ದು, ಪೆಟ್ರೋಲನ್ನು ಸುತ್ತಲಿನ ಬಾವಿಗಳಿಗೆ ಧಾರಾಳವಾಗಿ ಹಂಚಿದವು. ಅಲ್ಲಿನ ಪರಿಸರ ಇಲಾಖೆಯ ಲೆಕ್ಕದಲ್ಲಿ ಇಂಥ ಸೋರಿಕೆಗಳು 5 ಲಕ್ಷಕ್ಕೂ ಹೆಚ್ಚು. ಅವುಗಳನ್ನು ಶುಚಿಗೊಳಿಸಲು 1986ರಲ್ಲಿ ನಿಧಿಯೊಂದನ್ನು ಸ್ಥಾಪಿಸಿ, ಗ್ಯಾಲನ್ನಿಗೆ ಒಂದು ಸೆಂಟಿನ ಹತ್ತನೇ ಒಂದು ಭಾಗದಷ್ಟು ತೆರಿಗೆ ಹಾಕಿದರು. ಸೋರುವ ಟ್ಯಾಂಕುಗಳಿಗೆ ಇಂಗ್ಲಿಷಿನಲ್ಲಿ ಇಟ್ಟ ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಲಸ್ಟ್, ಅಂದರೆ ಕಾಮ, ಎಂದಾಗುತ್ತದೆ. ಸರ್ಕಾರಿ ಕಡತಗಳಲ್ಲಿ ಅಪರೂಪಕ್ಕೊಮ್ಮೆ ಸತ್ಯ ಹೀಗೆ ಸೋರುವುದುಂಟು. ಪಂಪಿನ ತಲೆಯ ಮೇಲಿನ ಗಾಜಿನ ಗೋಳದಲ್ಲಿ ಅಂದವಾಗಿ ಬರೆದಿರುವ 'ಎಥಿಲ್' ಎಂಬ ಪದವೂ ಅಷ್ಟೇ ಮುದ್ದಾದದ್ದು. 1923ರಿಂದ ಪೆಟ್ರೋಲಿಗೆ ಸೀಸ ಬೆರೆಸಿ ಮಾರಿದಾಗ ಸೀಸ ಎಂಬ ಹೆಸರು ಹೇಳದೆ ಇಟ್ಟ ನಾಮಕರಣ ಅದು. ರಸ್ತೆಯ ವಾಹನಗಳಿಗೆ ಆ ವಿಷ ಪೂರ್ತಿಯಾಗಿ ನಿಷಿದ್ಧವಾಗಲು 1996 ಬರಬೇಕಾಯಿತು. ಗೋಳ ಈಗ ಸಂಗ್ರಾಹಕರ ದಿವಾನಖಾನೆಯಲ್ಲಿ ಒಳಗಿನಿಂದ ದೀಪ ಹಚ್ಚಿಸಿಕೊಂಡು ಬೆಳಗುತ್ತಿದೆ.

ಆ ಕಾಲದಲ್ಲಿ ನಗುಮೊಗದ ಹುಡುಗರು ಓಡಿಬಂದು, ಗಾಜು ಒರೆಸಿ, ಎಣ್ಣೆ ನೋಡಿ ಕಳುಹಿಸುತ್ತಿದ್ದರು ಎಂದು ಮಾಹಿತಿ ಫಲಕಗಳು ಹೇಳುತ್ತವೆ. ಯಾರಿಗೆ ಎಂಬುದು ಸಣ್ಣ ಅಕ್ಷರದ ವಿಷಯ. ಕಪ್ಪು ಜನರು ಯಾವ ಊರಿನಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳಬಹುದು, ಎಲ್ಲಿ ಕತ್ತಲಾಗುವ ಮೊದಲೇ ಜಾಗ ಖಾಲಿ ಮಾಡಬೇಕು ಎಂಬ ಚಿಂತೆಯಲ್ಲಿ ಪಯಣಿಸುತ್ತಿದ್ದುದರಿಂದಲೇ ಹಾರ್ಲೆಮ್‌ನ ಅಂಚೆ ನೌಕರ ವಿಕ್ಟರ್ ಗ್ರೀನ್ 1936ರಲ್ಲಿ ಅವರಿಗಾಗಿ ಒಂದು ಮಾರ್ಗದರ್ಶಿಯನ್ನು ಪ್ರಕಟಿಸಬೇಕಾಯಿತು. ಓಕ್ಲಹೋಮಾದ ಲೂಥರ್ ಊರಿನ ಬಳಿ ಥ್ರೆಟ್ ಎಂಬ ಕಪ್ಪು ಕುಟುಂಬ ಸುಮಾರು 1915ರಲ್ಲಿ ಮರಳುಗಲ್ಲಿನಿಂದ ಕಟ್ಟಿದ ಬಂಕ್ ಕಪ್ಪು ಪ್ರಯಾಣಿಕರೂ ನಿರ್ಭಯವಾಗಿ ನಿಲ್ಲಬಹುದಾಗಿದ್ದ ಅಪರೂಪದ ತಾಣ. 2021ರಲ್ಲಿ ಅದು ಅಮೆರಿಕದ ಅತ್ಯಂತ ಅಪಾಯದಲ್ಲಿರುವ ಹನ್ನೊಂದು ಚಾರಿತ್ರಿಕ ಸ್ಥಳಗಳ ಪಟ್ಟಿ ಸೇರಿತು. ಎಂದೂ ಇರದಿದ್ದ ಬಂಕಿಗೆ ತಾಮ್ರದ ಮಾಡು ಹೊಂದಿಸಿದ ದೇಶದಲ್ಲಿ, ನಿಜವಾಗಿಯೂ ಇದ್ದು ನಾಲ್ಕು ಜನರಿಗೆ ನೆರವಾದ ಬಂಕಿಗೆ ಅಪಾಯದ ಪಟ್ಟಿಯಲ್ಲಿ ಜಾಗ.

ಓಡಿಬರುವ ಆ ಹುಡುಗ ಪೂರ್ತಿ ಕಾಣೆಯಾಗಿದ್ದಾನೆಯೇ ಎಂದರೆ, ಇಲ್ಲ. ನ್ಯೂಜೆರ್ಸಿ ರಾಜ್ಯದಲ್ಲಿ ಗ್ರಾಹಕರು ತಾವೇ ಪೆಟ್ರೋಲ್ ಹಾಕಿಕೊಳ್ಳುವುದನ್ನು 1949ರಿಂದ ಕಾನೂನು ನಿಷೇಧಿಸಿದೆ. ಒರೆಗಾನ್ ಕೂಡ 2023ರಲ್ಲಿ ಕೈಬಿಟ್ಟ ಮೇಲೆ ಈ ವ್ರತವನ್ನು ಪಾಲಿಸುವ ರಾಜ್ಯ ಅದೊಂದೇ. ಅಲ್ಲಿಯೂ ನಾನು ಹೋಗಿದ್ದೆ. ಹಿಮ ಬೀಳುತ್ತಿದ್ದ ಸಂಜೆ, ಮಂಗನ ಟೋಪಿಯ ಮೇಲೆ ಇನ್ನೊಂದು ಟೋಪಿ ಹಾಕಿಕೊಂಡ ನಮ್ಮ ಕಡೆಯವರೇ ಆದ ಹಿರಿಯರೊಬ್ಬರು ಕಾರಿನ ಕಿಟಕಿಗೆ ಬಗ್ಗಿ, ಎಷ್ಟಕ್ಕೆ ಎಂದು ಕೇಳಿ, ಕೊಳವೆ ಸಿಕ್ಕಿಸಿ, ಕೈ ಉಜ್ಜಿಕೊಳ್ಳುತ್ತ ಮುಂದಿನ ಕಾರಿನತ್ತ ಓಡಿದರು. ಫಲಕಗಳಲ್ಲಿ ವರ್ಣಿಸಿದ ಸೇವೆ ಇದೇ. ಆದರೆ ಯಾರೂ ಇಳಿದು ಅವರ ಫೋಟೋ ತೆಗೆದುಕೊಳ್ಳಲಿಲ್ಲ, ಅವರ ಮುಂದೆ ಸಂದರ್ಶಕರ ಪುಸ್ತಕವೂ ಇರಲಿಲ್ಲ. ಹಿಂದಿನ ಕಾರಿನವನು ಬೇಗ ಹೊರಡಿ ಎಂದು ಹಾರ್ನ್ ಹೊಡೆದ.

ಟೆಕ್ಸಸ್‌ನ ಶ್ಯಾಮ್‌ರಾಕ್ ಊರಿನವರು ಈ ವಿಚಾರದಲ್ಲಿ ಎಲ್ಲರಿಗಿಂತ ಮುಂದಿದ್ದಾರೆ. ಅಲ್ಲಿ 1936ರಲ್ಲಿ ಕಟ್ಟಿದ ಗೋಪುರದ ಬಂಕ್ ಈಗ ಪ್ರವಾಸಿ ಕೇಂದ್ರವಾಗಿದ್ದು, ಅದರ ಆವರಣದಲ್ಲಿ ಟೆಸ್ಲಾ ಕಾರುಗಳಿಗೆ ವಿದ್ಯುತ್ ತುಂಬಿಸುವ ಕಂಬಗಳನ್ನು ನೆಟ್ಟಿದ್ದಾರೆ. ಪೆಟ್ರೋಲನ್ನೇ ತೊರೆದವರು ಕಾರಿಗೆ ವಿದ್ಯುತ್ ಕುಡಿಸುತ್ತ, ಪೆಟ್ರೋಲ್ ಇಲ್ಲದ ಬಂಕಿಗೆ ಪ್ರದಕ್ಷಿಣೆ ಹಾಕುತ್ತಾರೆ. ನನ್ನ ಕಾರ್ಡನ್ನು ಉಗುಳಿದ ಹೆದ್ದಾರಿಯ ಬಂಕಿಗೂ ಇನ್ನು ಕೆಲವು ದಶಕಗಳಲ್ಲಿ ಐವತ್ತು ತುಂಬುತ್ತದೆ. ಆಗ ಅದರ ತಗಡಿನ ಚಾವಣಿಗೆ ಬಣ್ಣ ಬಳಿದು, ಪಂಪಿನ ಸುತ್ತ ಹಗ್ಗ ಕಟ್ಟಿ, ಬಾಗಿಲಲ್ಲಿ ಒಬ್ಬ ಹಿರಿಯರನ್ನು ಕೂರಿಸಿ, ಇಲ್ಲಿ ಜನರು ತಮ್ಮ ಅಂಚೆ ಸಂಖ್ಯೆಯನ್ನು ತಾವೇ ಒತ್ತುತ್ತಿದ್ದ ಆ ಮಧುರ ದಿನಗಳ ಬಗ್ಗೆ ಅವರಿಂದ ಹೇಳಿಸಲಾಗುತ್ತದೆ. ಮೊಮ್ಮಗನನ್ನು ಕಳುಹಿಸಿಕೊಡಬೇಕೆಂದಿದ್ದೇನೆ, ನನ್ನ ಆರನೆಯ ಅಂಕಿಯನ್ನು ಅವನ ಕೈಯಲ್ಲಿ ಕೊಟ್ಟು.